ಐವತ್ತೆರಡನೇ ಕುರ್ಚಿ

ಹುಣಸೂರಿನ ಒಂದು ಮದುವೆಯಲ್ಲಿ ನಾನು ಊದಿದ ರಭಸಕ್ಕೆ ಮದುವೆ ಗಂಡಿನ ಪೇಟ ಹಾರಿ ಎದುರು ಮನೆಯ ತೆಂಗಿನ ಮರಕ್ಕೆ ಸಿಕ್ಕಿಕೊಂಡಿತು. ಇಳಿಸಲು ಫೈರ್ ಇಂಜಿನ್ ಬಂತು. ಬಂದವರು ಏಣಿಯ ಮೇಲೆ ನಿಂತುಕೊಂಡೇ ಇನ್ನೊಂದು ಹಾಡು ಕೇಳಿಕೊಂಡು ಹೋದರು. ಈ ಕಥೆಯನ್ನು ನಾನು ಮೂವತ್ತು ವರ್ಷ ಹೇಳಿದ್ದೇನೆ. ಹೇಳಿದಾಗಲೆಲ್ಲ ಮರ ಒಂದಡಿ ಬೆಳೆದಿದೆ. ಪೇಟ ಹಾರಿದ್ದು ನಿಜ, ಗಾಳಿಗೆ ಹಾರಿತು. ನಾನು ಊದಿದೆ ಅನ್ನುವುದು ಸುಳ್ಳು. ಆ ಮದುವೆಯಲ್ಲಿ ಊದಿರಲಿಲ್ಲ. ಅದಕ್ಕೆ ಮುಂಚೆಯೂ ಊದಿರಲಿಲ್ಲ, ಆಮೇಲೂ ಊದಲಿಲ್ಲ.

ನನ್ನ ಹೆಸರು ರಾಚಯ್ಯ. ಮೈಸೂರಿನ ದೊರೆಸ್ವಾಮಿ ಮಾಸ್ಟ್ರ ಬ್ಯಾಂಡ್ ಸೆಟ್ಟಿನಲ್ಲಿ ನಾನು ಡಮ್ಮಿ.

ಡಮ್ಮಿ ಅಂದರೆ ಬ್ಯಾಂಡಿನವರಿಗೆಲ್ಲ ಗೊತ್ತು, ಹೊರಗಿನವರಿಗೆ ಹೇಳುವುದಿಲ್ಲ. ಮದುವೆ ಮನೆಯವರು ಇಪ್ಪತ್ನಾಲ್ಕು ಜನ ಬೇಕು ಅನ್ನುತ್ತಾರೆ. ಊದಲು ಬರುವವರು ಸಿಗುವುದು ಹದಿನೇಳು. ಉಳಿದ ಏಳು ಜನಕ್ಕೆ ಕೆಂಪು ಕೋಟು ತೊಡಿಸಿ, ಗರಿಯ ಟೋಪಿ ಇಟ್ಟು, ಕೈಗೊಂದು ವಾದ್ಯ ಕೊಟ್ಟು, ಇಬ್ಬರು ಊದುವವರ ನಡುವೆ ಒಬ್ಬನಂತೆ ನಿಲ್ಲಿಸುತ್ತಾರೆ. ತಪ್ಪಿ ಕೂಡ ಸದ್ದು ಬರಬಾರದೆಂದು ಊದುವ ತುದಿಗೆ ಒದ್ದೆ ಟವಲಿನ ಚೂರು ತುರುಕಿರುತ್ತೇವೆ. ನನಗೆ ಸಿಕ್ಕಿದ್ದು ಬಾಸ್. ಹೆಬ್ಬಾವಿನ ಹಾಗೆ ಮೈಗೆ ಸುತ್ತಿಕೊಂಡು ತಲೆಯ ಮೇಲೆ ಕೊಪ್ಪರಿಗೆಯಷ್ಟು ಬಾಯಿ ತೆರೆಯುವ ಹಿತ್ತಾಳೆ ವಾದ್ಯ. ಬ್ಯಾಂಡಿನಲ್ಲಿ ಎಲ್ಲರಿಗಿಂತ ದೊಡ್ಡದು, ಫೋಟೋದಲ್ಲಿ ಮೊದಲು ಕಾಣುವುದು.

ಮೊದಲನೆಯ ದಿನ ಮಾಸ್ಟ್ರು ಹೇಳಿದ್ದರು: "ಒಂದ್ ತಿಂಗ್ಳು ಡಮ್ಮಿ ನಿಂತ್ಕೊ, ಆಮ್ಯಾಕೆ ಕಲುಸ್ತೀನಿ." ಆ ತಿಂಗಳು ಮುಗಿಯಲೇ ಇಲ್ಲ. ಡಮ್ಮಿಯಾಗಿ ನಾನು ಅಷ್ಟು ಚೆನ್ನಾಗಿದ್ದೆ. ಕೆನ್ನೆ ಉಬ್ಬಿಸುವುದು, ಕತ್ತಿನ ನರ ಎಬ್ಬಿಸುವುದು, ಹಾಡಿನ ಮಧ್ಯೆ ಬೇಕಾದ ಕಡೆ ಬೆವರುವುದು, ಎಲ್ಲ ಬರುತ್ತಿತ್ತು. ನಿಜವಾಗಿ ಊದುವ ಮುಕುಂದ ನನ್ನ ಬಲಗಡೆ ನಿಲ್ಲುತ್ತಿದ್ದ. ಜನ ಅವನನ್ನು ಬಿಟ್ಟು ನನ್ನ ಕೊರಳಿಗೆ ಹಾರ ಹಾಕುತ್ತಿದ್ದರು.

ಈಗ ಮಗಳ ವಿಷಯ. ಮೋನಿಷ ನಮಗೆ ಒಬ್ಬಳೇ. ಆರು ವರ್ಷದವಳಿದ್ದಾಗ ಒಂದು ಮೆರವಣಿಗೆಯಲ್ಲಿ ನನ್ನ ಕೋಟು ಹಿಡಿದುಕೊಂಡು ನಡೆಯುತ್ತ ಕೇಳಿದಳು.

"ಅಪ್ಪ, ಎಲ್ಲಾರ್ದೂ ಕೇಳುತ್ತೆ. ನಿಂದ್ ಮಾತ್ರ ಯಾಕೆ ಕೇಳಲ್ಲ?"

ಬೇರೆ ಯಾರು ಕೇಳಿದ್ದರೂ ಗದರುತ್ತಿದ್ದೆ. ಮಗಳಿಗೆ ಹೇಳಿದೆ: "ಬಾಸ್ ಕಿವಿಗೆ ಕೇಳಾಕಿಲ್ಲ ಕಣವ್ವ, ಹೊಟ್ಟೆಗೆ ಕೇಳ್ತದೆ. ಹೊಟ್ಟೆ ಮ್ಯಾಲೆ ಕೈ ಇಟ್ಕೊಂಡು ಕಣ್ ಮುಚ್ಕೊ."

ಅವಳು ಇಟ್ಟುಕೊಂಡಳು. ಪಕ್ಕದಲ್ಲೇ ದೊಡ್ಡ ಡ್ರಮ್ಮು ಬಡಿಯುತ್ತಿತ್ತು, ಯಾರ ಹೊಟ್ಟೆಯಾದರೂ ನಡುಗಬೇಕು. "ಹ್ಞೂ ಅಪ್ಪ, ಕೇಳ್ತು," ಅಂದಳು. ಆ ಮುಖ ನೋಡಿ ನನಗೆ ನಾನೇ ಊದಿದಷ್ಟು ಖುಷಿಯಾಯಿತು.

ಆ ಒಂದು ಸುಳ್ಳನ್ನು ಹಿಡಿದುಕೊಂಡು ಹುಡುಗಿ ಎಲ್ಲಿಯವರೆಗೆ ಹೋದಳು ಅಂತ ಹೇಳಬೇಕು. ಸದ್ದಿನ ಬಗ್ಗೆಯೇ ಓದಿದಳು. ನಮ್ಮ ಮನೆಯಿಂದ ಎರಡು ಬಸ್ಸು ಹತ್ತಿದರೆ ಸಿಗುವ, ವಿಡಿಯೋ ಗೇಮ್ ಮಾಡುವ ಒಂದು ಕಂಪನಿಗೆ ಸೇರಿದಳು. ಅಲ್ಲಿ ಅವಳೊಂದು ಯಂತ್ರ ಕಟ್ಟಿದಳು. ಆ ಯಂತ್ರದಿಂದ ನಡೆಯುವ ಆಟದ ಹೆಸರು 'ಹಸಿರು ಚಂದ್ರ'.

ಆ ಆಟದಲ್ಲಿ ನೀವು ಆಕಾಶನೌಕೆ ನಡೆಸಬೇಕು. ಮೀಟರು ಇಲ್ಲ, ಮುಳ್ಳು ಇಲ್ಲ, ಮುಂದೆ ಬರೀ ಕತ್ತಲೆ. ಕಿವಿಯೊಂದೇ ಗತಿ. ಅರವತ್ತು ಜನರ ವಾದ್ಯಮೇಳ ನಿಮ್ಮ ಬೆನ್ನ ಹಿಂದೆ ಕೂತಿದೆ ಅಂದುಕೊಳ್ಳಿ. ಎಡಗಡೆಯಿಂದ ಬಂಡೆ ತೇಲಿ ಬಂದರೆ ಎಡಗಡೆಯ ಪಿಟೀಲುಗಳು ಚೂಪಾಗುತ್ತವೆ. ಇಂಧನ ಇಳಿದರೆ ಕೊಳಲಿಗೆ ಏದುಸಿರು ಬರುತ್ತದೆ. ದೊಡ್ಡ ಗ್ರಹವೊಂದು ನೌಕೆಯನ್ನು ತನ್ನ ಕಡೆ ಎಳೆದುಕೊಳ್ಳುತ್ತಿದ್ದರೆ ಹಿತ್ತಾಳೆಯವರು ಕೆಳಗಿನಿಂದ ಗುಡುಗುತ್ತಾರೆ. ಆ ಗುಡುಗು ಎಷ್ಟು ದಪ್ಪವೋ ಅಷ್ಟು ದೂರ ಸರಿಯಬೇಕು.

ಅದು ಮೊದಲೇ ರೆಕಾರ್ಡ್ ಮಾಡಿಟ್ಟ ಹಾಡಲ್ಲ. ಅರವತ್ತು ಜನರ ಪಕ್ಕೆಗೆ ಒಂದೊಂದು ಉಸಿರುಪಟ್ಟಿ ಕಟ್ಟಿ, ಕೆನ್ನೆಗೆ ಚುಕ್ಕಿಗಳನ್ನು ಅಂಟಿಸಿ, ಅವರು ಯಾವಾಗ ಉಸಿರೆಳೆಯುತ್ತಾರೆ, ಪಕ್ಕದವನಿಗೆ ಯಾವಾಗ ದಾರಿ ಬಿಡುತ್ತಾರೆ ಅನ್ನುವುದನ್ನೆಲ್ಲ ಯಂತ್ರ ಕಲಿಯುತ್ತದೆ. ಒಬ್ಬೊಬ್ಬರೂ ಯಂತ್ರದೊಳಗೆ ಒಂದೊಂದು ಕುರ್ಚಿಯಾಗುತ್ತಾರೆ. ಆಮೇಲೆ ಆ ಕುರ್ಚಿಗಳೇ ಒಂದನ್ನೊಂದು ಕೇಳಿಸಿಕೊಂಡು, ಆಡುವವನ ದಾರಿಗೆ ತಕ್ಕಂತೆ ಹೊಸದಾಗಿ ನುಡಿಸುತ್ತವೆ. ಆಟ ನಡೆದಷ್ಟೂ ಒಂದರಿಂದ ಒಂದು ಕಲಿಯುತ್ತವೆ, ಒಳ್ಳೆಯ ಬ್ಯಾಂಡಿನಲ್ಲಿ ಕಲಿಯುವ ಹಾಗೆ.

ಒಂದು ದಿನ ಊಟಕ್ಕೆ ಕೂತಾಗ ಮೋನಿಷ ತನ್ನ ಕಂಪನಿಯ ಯಜಮಾನರ ವಿಷಯ ಹೇಳಿದಳು: "ಉತ್ತಯ್ಯ ಸರ್ ಕೇಳಿದ್ರು, ಸದ್ದು ಬಿಟ್ಟು ಉಸಿರು ಯಾಕೆ ಅಳೀತೀಯ ಅಂತ. ಕಿವಿಗೆ ಕೇಳದೇ ಇರೋದು ಹೊಟ್ಟೆಗೆ ಕೇಳುತ್ತೆ ಸರ್, ನಮ್ಮಪ್ಪ ಹೇಳ್ಕೊಟ್ಟಿದ್ದು ಅಂದೆ. ಬರ್ಕೊಂಡ್ರು ಅಪ್ಪ."

ಬಾಯಿಗೆ ಎತ್ತಿದ ಮುದ್ದೆಯನ್ನು ತಟ್ಟೆಗೇ ಇಟ್ಟೆ. ಶೀಲ, ನನ್ನ ಹೆಂಡತಿ, ನೀರಿನ ಲೋಟ ಮುಂದೆ ತಳ್ಳಿದಳು.

ಪಿಟೀಲು, ಕೊಳಲು ಎಲ್ಲ ಸೇರಿ ಮೂವತ್ತಾರು ಜನ ಆಗಲೇ ಸಿಕ್ಕಿದ್ದರು. ಹಿತ್ತಾಳೆಗೆ ಇಪ್ಪತ್ನಾಲ್ಕು ಜನ ಬೇಕಿತ್ತು. ಹೊರಗಿನಿಂದ ಕರೆಸೋಣ ಅಂತ ಉತ್ತಯ್ಯ ಸರ್ ಅಂದರೆ ಮಗಳು ಹಟ ಹಿಡಿದಳಂತೆ, ಬಿಸಿಲಲ್ಲಿ ನಡೆದು ಊದಿದವರ ಎದೆಯೇ ಬೇಕು, ನಮ್ಮಪ್ಪನ ಬ್ಯಾಂಡೇ ಆಗಬೇಕು ಅಂತ.

ದೊರೆಸ್ವಾಮಿ ಮಾಸ್ಟ್ರು ನಮ್ಮ ಮನೆ ಜಗಲಿಗೆ ಬಂದು ಕೂತರು.

"ನಿನ್ ಮಗ್ಳು ಇಪ್ಪತ್ನಾಕ್ ಜನ ಕೇಳವ್ಳೆ ಕಣ್ಲಾ."

"ಇರೋದು ಹದಿನೇಳೇ ಅಂತ ಹೇಳ್ಬುಡಿ ಮಾಸ್ಟ್ರೆ."

"ಐವತ್ತು ವರ್ಸದಲ್ಲಿ ಕೇಳ್ದಷ್ಟು ತಲೆ ಕೊಡ್ದೆ ಇದ್ದುದ್ದಿಲ್ಲ. ಈಗ ಹೆಂಗ್ ಹೇಳನೆ?"

"ಅಂಗಾರೆ ನನ್ನೊಬ್ಬನ್ನ ಬಿಟ್ಬುಡಿ. ಬ್ಯಾರೆ ಯಾರ್ನಾದ್ರೂ ನಿಲ್ಸಿ."

"ನಿನ್ನ ಬಿಟ್ರೆ ಅಪ್ಪ ಯಾಕ್ ಬರ್ನಿಲ್ಲ ಅಂತ ನಿನ್ ಮಗ್ಳು ಕೇಳಾಕಿಲ್ವಾ? ಏನ್ ಹೇಳೀಯೆ?"

ಹೋದೆ. ಗಾಜಿನ ಕೋಣೆಯಲ್ಲಿ ನಮ್ಮನ್ನು ಬೀದಿಯಲ್ಲಿ ನಿಲ್ಲುವ ಹಾಗೆಯೇ ಒತ್ತಾಗಿ ನಿಲ್ಲಿಸಿದರು. ನಾವು ವಾಡಿಕೆಯಂತೆ ಇಬ್ಬರು ಊದುವವರ ನಡುವೆ ಒಬ್ಬ ಡಮ್ಮಿಯಾಗಿ ನಿಂತೆವು. ಎಷ್ಟು ಒತ್ತಾಗಿ ಅಂದರೆ ನನ್ನ ಮೈಕಿಗೆ ಮುಕುಂದನ ಬಾಸೇ ನನ್ನದರಂತೆ ಕೇಳುತ್ತಿತ್ತು. ಮೋನಿಷ ತಾನೇ ಬಂದು ನನ್ನ ಪಕ್ಕೆಗೆ ಪಟ್ಟಿ ಕಟ್ಟಿದಳು. "ಬಿಗಿ ಆಯ್ತಾ ಅಪ್ಪ?" ಅಂದಳು. ಉಳಿದವರ ಪಟ್ಟಿ, ಮೈಕುಗಳನ್ನೆಲ್ಲ ಎರಡೆರಡು ಸಲ ಪರೀಕ್ಷೆ ಮಾಡಿದಳು. ನನ್ನದನ್ನು ಪರೀಕ್ಷಿಸಲಿಲ್ಲ, ನನ್ನ ಬಾಸನ್ನು ಸುಮ್ಮನೆ ಒಂದು ಸಲ ಸವರಿ ಹೋದಳು. ನಾಲ್ಕು ದಿನ ಊದಿದೆವು. ಅಂದರೆ ಹದಿನೇಳು ಜನ ಊದಿದರು. ನಾನು ಯಂತ್ರದೊಳಗೆ ಐವತ್ತೆರಡನೇ ಕುರ್ಚಿಯಾದೆ.

ಆಟ ಹೊರಗೆ ಬಂದಮೇಲೆ ಊರು ಬದಲಾದದ್ದನ್ನು ಸ್ವಲ್ಪ ಹೇಳುತ್ತೇನೆ, ಇದರಲ್ಲಿ ನಾನು ಸೇರಿಸಿ ಹೇಳುವುದು ಕಡಿಮೆ. ಆಟೋ ಸ್ಟ್ಯಾಂಡಿನಲ್ಲಿ ಡ್ರೈವರುಗಳು ಕಿವಿಗೆ ಹೆಡ್‌ಫೋನ್ ಸಿಕ್ಕಿಸಿ, ಕಣ್ಣು ಮುಚ್ಚಿ ಶನಿಗ್ರಹ ದಾಟುತ್ತಿದ್ದರು. ಬಾಡಿಗೆ ಕೇಳಿದರೆ "ಇರಿ ಅಣ್ಣ, ಬಂಡೆ ಬತ್ತಾವೆ" ಅನ್ನುತ್ತಿದ್ದರು. ಮಾರ್ಕೆಟ್ಟಿನಲ್ಲಿ ಹೂ ಕಟ್ಟುವ ಹೆಂಗಸರು ಕೈಯಲ್ಲಿ ಮಾರು ಕಟ್ಟುತ್ತ ಕಿವಿಯಲ್ಲಿ ನೌಕೆ ನಡೆಸುತ್ತಿದ್ದರು. ಕಣ್ಣು ಕಾಣದವರಂತೂ ಎಲ್ಲರಿಗಿಂತ ಮುಂದೆ ಹೋದರು. ಮೊದಲನೆಯ ಸಲ ಅವರಿಗೂ ನಮಗೂ ಒಂದೇ ಕತ್ತಲೆ ಸಿಕ್ಕಿತ್ತು, ಆ ಕತ್ತಲೆಯಲ್ಲಿ ನಡೆದು ಅವರಿಗೆ ಅಭ್ಯಾಸವಿತ್ತು.

ಅವರಲ್ಲಿ ಲೋಲಾಕ್ಷಿ ಅನ್ನುವವಳು ಕಂಪನಿಯಲ್ಲೇ ಇದ್ದಳು. ಹುಟ್ಟುಕುರುಡಿ. ಆಟ ಆಡಿ ತಪ್ಪು ಹುಡುಕುವುದು ಅವಳ ಕೆಲಸ. "ಹೆಸ್ರು ಇಡೋವಾಗ ನಮ್ಮಜ್ಜಿ ಕಣ್ಣೂ ಮಂಜಾಗಿತ್ತು ಅನ್ಸುತ್ತೆ," ಅಂತ ತಾನೇ ನಗುತ್ತಿದ್ದಳು. ಅವಳ ನೌಕೆ ಇನ್ನೂರ ಹನ್ನೆರಡು ದಿನದಿಂದ ಹಸಿರು ಚಂದ್ರನ ಕಡೆ ಹೋಗುತ್ತಿತ್ತು. ಅಷ್ಟು ದೂರ ಇನ್ನೂ ಯಾರೂ ಮುಟ್ಟಿರಲಿಲ್ಲ.

ನಾನು ಟೀ ಅಂಗಡಿಯಲ್ಲಿ ಕೂತು ಹೇಳುತ್ತಿದ್ದೆ: "ಜಪಾನ್ನಾಗೆ ಒಬ್ಬ ಕ್ಯಾಪ್ಟನ್ನು ನನ್ ಉಸ್ರು ಕೇಳ್ದೆ ಇಂಜಿನ್ನೇ ಆನ್ ಮಾಡಾಕಿಲ್ವಂತೆ." ಮಂದಿ ನಗುತ್ತಿದ್ದರು, ಇನ್ನೊಂದು ಟೀ ಹೇಳುತ್ತಿದ್ದರು.

ಎಂಟನೇ ತಿಂಗಳಲ್ಲಿ ತೊಂದರೆ ಶುರುವಾಯಿತು. ಮೊದಲು ಬಾಸ್ ಅಲ್ಲಲ್ಲಿ ಕಾಣೆಯಾಯಿತು. ಆಮೇಲೆ ಟ್ರಂಪೆಟ್ಟು, ಆಮೇಲೆ ಪಿಟೀಲುಗಳು. ಸುಲಭದ ದಾರಿಯಲ್ಲಿ ಎಲ್ಲ ಚೆನ್ನಾಗಿ ನುಡಿಸುತ್ತಿದ್ದವು. ಕಷ್ಟದ ಜಾಗ ಬಂದರೆ ಒಂದೊಂದೇ ಕುರ್ಚಿ ಸುಮ್ಮನಾಗುತ್ತಿತ್ತು. ಲೋಲಾಕ್ಷಿಯ ನೌಕೆಗೆ ಇನ್ನು ಮೂರು ನಿಮಿಷದ ದಾರಿ ಉಳಿದಿತ್ತು. ಹಸಿರು ಚಂದ್ರ ಎಳೆದುಕೊಳ್ಳಲು ಶುರು ಮಾಡಿದ ಹೊತ್ತಿಗೆ ಅರವತ್ತು ಕುರ್ಚಿಗಳೂ ಒಟ್ಟಿಗೆ ಉಸಿರೆಳೆದವು. ಅವಳು ಕಾದಳು. ಸ್ವರವೇ ಬರಲಿಲ್ಲ. ಅರವತ್ತು ಜನ ಉಸಿರಾಡುವ ಸದ್ದು ಮಾತ್ರ, ತುಂಬಿದ ಆಸ್ಪತ್ರೆ ವಾರ್ಡಿನಲ್ಲಿ ಕೇಳುವ ಹಾಗೆ. ಯಾವ ಕಡೆ ತಿರುಗಬೇಕೆಂದು ತಿಳಿಯದೆ ಅವಳ ನೌಕೆ ನೆಲಕ್ಕೆ ಬಡಿಯಿತು. ಆ ವಾರ ಊರೂರಲ್ಲಿ ಸಾವಿರಾರು ನೌಕೆ ಹಾಗೇ ಬಿದ್ದವು. ನಮ್ಮ ಬೀದಿಯ ಕೊನೆಯಲ್ಲಿ ಮಸಾಜ್ ಕೆಲಸ ಮಾಡುವ ಕುರುಡು ಮುದುಕನೊಬ್ಬ ಹೆಡ್‌ಫೋನ್ ಬಿಚ್ಚಿ, "ಇಲ್ಲೂ ಮೋಸ ಮಾಡುದ್ರಲ್ಲ," ಅಂತ ಬಾಗಿಲಲ್ಲಿ ಕೂತಿದ್ದ. ನಾನು ತಲೆ ತಗ್ಗಿಸಿಕೊಂಡು ಬೀದಿಯ ಆಚೆ ಬದಿಗೆ ದಾಟಿ ಹೋದೆ, ಅವನಿಗೆ ಕಣ್ಣು ಕಾಣದಿದ್ದರೂ.

ಮೋನಿಷ ಮನೆಗೆ ಬಂದವಳು ಚಪ್ಪಲಿ ಕೂಡ ಬಿಚ್ಚಲಿಲ್ಲ.

"ಉಸಿರುಪಟ್ಟೀನೇ ತಪ್ಪು ಅಂತಾರೆ ಅಪ್ಪ. ಸೋಮವಾರದೊಳಗೆ ತಪ್ಪು ಸಿಗದಿದ್ರೆ ಎಲ್ಲಾ ಕಿತ್ತು ರೆಡಿಮೇಡ್ ಮ್ಯೂಸಿಕ್ ಹಾಕ್ತಾರೆ. ನನ್ನೂ ಬಿಡಿಸ್ತಾರೆ. ಏಳು ವರ್ಷ ಕಟ್ಟಿದ್ದು. ಇನ್ ಯಾರೂ ಇದನ್ನ ಮುಟ್ಟಲ್ಲ."

"ಎಲ್ಲಿ ತಪ್ಪಾಗೈತೆ ಅಂತ ಗೊತ್ತಾಗ್ನಿಲ್ವಾ ಅವ್ವ?"

"ಇಲ್ಲ. ಕುರ್ಚಿಗಳು ಒಂದರಿಂದ ಒಂದು ಏನೋ ಕೆಟ್ಟದ್ದು ಕಲಿತಾವೆ. ಯಾವುದರಿಂದ ಶುರುವಾಯ್ತು ತಿಳೀತಿಲ್ಲ. ನಾಳೆ ಬಾ ನೀನು. ನಿನ್ ಕುರ್ಚಿ ಒಂದನ್ನೇ ಬಿಟ್ಟು ಕೇಳ್ತೀನಿ. ಅದನ್ನ ಸರಿ ಅಂತ ಇಟ್ಕೊಂಡು ಮಿಕ್ಕಿದ್ದನ್ನ ತೂಕ ಮಾಡ್ತೀನಿ."

ಆಗಲೇ ಹೇಳಬಹುದಿತ್ತು. "ಆಯ್ತು ಬತ್ತೀನಿ," ಅಂದೆ.

ಮರುದಿನ ಕಂಟ್ರೋಲ್ ರೂಮಿನಲ್ಲಿ ಉತ್ತಯ್ಯ ಸರ್ ಕೈಕಟ್ಟಿ ನಿಂತಿದ್ದರು. ಲೋಲಾಕ್ಷಿ ಮೂಲೆಯ ಕುರ್ಚಿಯಲ್ಲಿದ್ದಳು. ಗಾಜಿನ ಮೇಲೆ ಅರವತ್ತು ಸಣ್ಣ ದೀಪ ಉರಿಯುತ್ತಿದ್ದವು. ಮೋನಿಷ ಐವತ್ತೊಂಬತ್ತನ್ನು ಆರಿಸಿದಳು. ನನ್ನದೊಂದೇ ಉಳಿಯಿತು.

ಮುಕುಂದನ ಕುರ್ಚಿಯೂ ಆರಿದ್ದರಿಂದ ದೊಡ್ಡ ಸ್ಪೀಕರಿನಲ್ಲಿ ನನ್ನ ಉಸಿರೊಂದೇ ಬಂತು. ಒಳಗೆ ಎಳೆದುಕೊಂಡೆ. ಕೆನ್ನೆ ತುಂಬಿದ ಸದ್ದು. ಒತ್ತುಗುಂಡಿಗಳ ಟಕ ಟಕ. ಉಸಿರು ಬಿಟ್ಟೆ. ಮತ್ತೆ ಎಳೆದುಕೊಂಡೆ. ಇಷ್ಟೇ. ಮನುಷ್ಯನೊಬ್ಬ ಮೆಟ್ಟಿಲು ಹತ್ತಿ ಸುಧಾರಿಸಿಕೊಳ್ಳುವ ಹಾಗಿತ್ತು. ಮೂವತ್ತು ವರ್ಷದಲ್ಲಿ ನನ್ನ ವಾದ್ಯವನ್ನು ನಾನು ಮೊದಲನೆಯ ಸಲ ಕೇಳಿದ್ದು ಅವತ್ತು.

"ಇವ್ರು ಊದ್ತಾ ಇಲ್ಲ," ಅಂದಳು ಲೋಲಾಕ್ಷಿ.

"ಹಂಗೆಲ್ಲ ಅನ್ಬೇಡ," ಮೋನಿಷ ತಿರುಗಿ ಬಿದ್ದಳು. "ಇದು ಕಿವಿಗೆ ಸಿಗಲ್ಲ. ನಿಂಗೆ ಕಿವಿ ಚೆನ್ನಾಗಿರ್ಬಹುದು, ಎಲ್ಲಾನೂ ಕಿವಿಯಿಂದಾನೇ ಕೇಳ್ತೀಯ."

"ನಂಗೆ ಇನ್ನೇನಿದೆ ಅಕ್ಕ, ಕೇಳೋಕೆ?"

ಮೋನಿಷ ಯಂತ್ರದ ಕಡೆ ತಿರುಗಿದಳು. ಸದ್ದನ್ನು ಪೂರಾ ಏರಿಸಿದಳು. ಸ್ಪೀಕರಿನ ಎದುರು ನಿಂತು ಕಣ್ಣು ಮುಚ್ಚಿ ಹೊಟ್ಟೆಯ ಮೇಲೆ ಕೈ ಇಟ್ಟುಕೊಂಡಳು. ಮೂವತ್ತರ ಹತ್ತಿರ ಬಂದ ಹೆಂಗಸು, ಅಷ್ಟು ಜನರ ಎದುರು. ಉತ್ತಯ್ಯ ಸರ್ ಬೇರೆ ಕಡೆ ನೋಡಿದರು. ನನ್ನ ಬೆನ್ನಿಂದ ಬೆವರು ಇಳಿಯಿತು. ಆ ಬೆವರಿಗೆ ನಾನು ಏನೂ ಮಾಡಬೇಕಾಗಿರಲಿಲ್ಲ.

"ಇದೆ," ಅಂದಳು ಕಣ್ಣು ಮುಚ್ಚಿಕೊಂಡೇ. "ಸಣ್ಣದಾಗಿ ಇದೆ. ಅಲ್ವಾ ಅಪ್ಪ?"

"ಹೂಂ ಕಣವ್ವ," ಅಂದೆ.

ಅಂದುಬಿಟ್ಟೆ.

ಮನೆಯಲ್ಲಿ ಶೀಲ ಹೊಲಿಗೆ ಮೆಷಿನ್ ಮುಂದೆ ಕೂತಿದ್ದಳು. ಬ್ಯಾಂಡಿನವರ ಕೋಟುಗಳ ರಿಪೇರಿ ಎಲ್ಲ ಅವಳದೇ. ಮುಕುಂದನ ಕೋಟಿನ ಕಂಕುಳು ಹರಿದಿತ್ತು. ನಾನು ಅನ್ನ ಬೇಡ ಅಂದೆ. ಅವಳು ಮೆಷಿನ್ ನಿಲ್ಲಿಸಿದಳು.

"ಹೇಳ್ದಾ ಮಗೀಗೆ?"

"ಏನ್ ಹೇಳಾದು?"

ಅವಳು ಎದ್ದು ಬೀರುವಿನಿಂದ ನನ್ನ ಕೋಟು ತಂದು ಮುಕುಂದನ ಕೋಟಿನ ಪಕ್ಕ ಮಂಚದ ಮೇಲೆ ಹಾಸಿದಳು. "ಊದೋರ್ ಕೋಟು ವರ್ಸಕ್ಕೆ ಮೂರ್ ಸಲ ಎದೆತಾವ ಹರೀತದೆ. ಈ ಮುಕುಂದಂದು ನೋಡು, ಹೊಲ್ದು ಹೊಲ್ದು ಬಟ್ಟೇನೇ ಉಳ್ದಿಲ್ಲ. ನಿಂದು ಮದ್ವೆ ಆದ ವರ್ಸ ಹೊಲ್ದಿದ್ದು. ಒಂದ್ ದಾರ ಬಿಟ್ಟಿಲ್ಲ."

ನಾನು ಕೋಟನ್ನೇ ನೋಡುತ್ತ ಕೂತೆ.

"ಯಾವತ್ತು ಗೊತ್ತಾಯ್ತು?"

"ಎರಡ್ನೆ ದೀಪಾವಳಿಗೆ. ಒಗೆಯಾಕ್ ಹೋದ್ರೆ ಜೇಬ್ನಾಗೆ ಒದ್ದೆ ಟವಲ್ ಚೂರು."

"ಕೇಳ್ಲೇ ಇಲ್ಲ ನೀನು."

"ಕೇಳಿ ಏನ್ ಮಾಡನೆ? ನಂಗೆ ನೀನು ಊದಿದ್ರೆಷ್ಟು ಬಿಟ್ರೆಷ್ಟು. ಊರ್ಗೆ ಬುರುಡೆ ಬಿಟ್ಕೊ, ನಗ್ತಾರೆ. ಆ ಮಗ ಅದನ್ನ ದೇವ್ರ್ ಮಾತು ಅಂತ ಇಟ್ಕೊಂಡೈತೆ. ಸ್ವಾಮಾರ ಅದ್ರ ಅನ್ನ ಹೋಯ್ತದೆ, ನಿನ್ ಟೋಪಿ ಗರಿ ಮಾತ್ರ ನೆಟ್ಟಗಿರ್ತದೆ." ಅವಳು ಮತ್ತೆ ಮೆಷಿನ್ ಮುಂದೆ ಕೂತಳು. "ನಾಳೆ ಆ ಪೀಪಿ ಎತ್ಕೊಂಡ್ ಹೋಗು. ನಾನ್ ಹೇಳಾಕಿಲ್ಲ. ನೀನೇ ಹೇಳ್ಬೇಕು."

ಭಾನುವಾರ ಬೆಳಿಗ್ಗೆ ಬಾಸ್ ಹೊತ್ತುಕೊಂಡು ಎರಡು ಬಸ್ಸು ಹತ್ತಿದೆ. ಕಂಡಕ್ಟರು, "ಯಜಮಾನ್ರೆ, ಒಂದ್ ಸಲ ಊದಿ," ಅಂದ. ನನ್ನ ಬಾಯಿಗೆ ಯಾವ ಕಥೆಯೂ ಬರಲಿಲ್ಲ.

ಕಂಟ್ರೋಲ್ ರೂಮಿನಲ್ಲಿ ಅದೇ ಮೂವರು. ಮೋನಿಷ ರಾತ್ರಿಯೆಲ್ಲ ಮನೆಗೆ ಬಂದಿರಲಿಲ್ಲ, ಕಣ್ಣು ಕೆಂಪಾಗಿತ್ತು.

"ಮೈಕ್ ಹಾಕವ್ವ," ಅಂದೆ.

ಗಾಜಿನ ಕೋಣೆಯೊಳಗೆ ಒಬ್ಬನೇ ನಿಂತೆ. ಊದುವವರು ಯಾರೂ ಹತ್ತಿರವಿಲ್ಲದೆ ಆ ವಾದ್ಯ ಹಿಡಿದು ನಿಂತದ್ದು ಅದೇ ಮೊದಲು. ಬಲಕ್ಕೆ ಎರಡು ಸಲ ತಿರುಗಿ ನೋಡಿದೆ. ಆಮೇಲೆ ಊದುವ ತುದಿಗೆ ಬೆರಳು ಹಾಕಿ ಟವಲಿನ ಚೂರು ಎಳೆದು ಮೈಕಿನ ಪಕ್ಕ ಇಟ್ಟೆ. ಅದು ಅಲ್ಲಿ ಇರುವುದು ಗಾಜಿನ ಆಚೆಯಿಂದಲೂ ಕಾಣುತ್ತಿತ್ತು. ಉಸಿರೆಳೆದು ಊದಿದೆ. ಬಂದದ್ದು ಕೆಸರಿನಲ್ಲಿ ಸಿಕ್ಕಿಕೊಂಡ ಎಮ್ಮೆಯ ದನಿ. ಅದೂ ಅರ್ಧದಲ್ಲಿ ನಿಂತು ಬರೀ ಎಂಜಲಿನ ಬುರಬುರ ಉಳಿಯಿತು.

ಲೋಲಾಕ್ಷಿಗೆ ನಗು ತಡೆಯಲಾಗಲಿಲ್ಲ. ಒಂದೇ ಕ್ಷಣ. ಆಮೇಲೆ ಬಾಯಿಗೆ ಕೈ ಇಟ್ಟುಕೊಂಡಳು.

"ನಂಗೆ ಊದಾಕ್ ಬರಾಕಿಲ್ಲ," ಅಂದೆ ಮೈಕಿಗೆ. "ಯಾವತ್ತೂ ಬತ್ತಿರ್ನಿಲ್ಲ. ನಾನು ಡಮ್ಮಿ. ನಾನೂ ಸೇರಿ ಏಳ್ ಜನ ಡಮ್ಮಿಗಳು. ಎಲ್ಲಾರೂ ಊದೋ ಗದ್ಲದಾಗೆ ಊದ್ದಂಗೆ ಮಾಡಾದೇ ನಮ್ ಕೆಲ್ಸ. ಅವ್ವ, ನಿನ್ ಕುರ್ಚಿಗಳು ನನ್ನಿಂದ ಕಲ್ತವೆ. ನಿನ್ ಪಟ್ಟಿ ಸರ್ಯಾಗೇ ಐತೆ. ನಾನ್ ಮಾಡಿದ್ದನ್ನೇ ಹಿಡ್ದೈತೆ."

ಗಾಜಿನ ಆಚೆ ಮೋನಿಷ ಟವಲಿನ ಚೂರನ್ನು ನೋಡಿದಳು. ಆಮೇಲೆ ಸ್ಪೀಕರಿನಲ್ಲಿ ಅವಳ ದನಿ ಬಂತು.

"ಎಷ್ಟು ವರ್ಷ?"

"ಮೂವತ್ತಾಯ್ತು."

"ಅಮ್ಮಂಗೆ?"

"ಗೊತ್ತು."

"ದೊರೆಸ್ವಾಮಿ ಮಾಮಂಗೆ?"

"ನಿಲ್ಸಿದ್ದೇ ಅವ್ರು ಕಣವ್ವ."

"ಮುಕುಂದಣ್ಣಂಗೆ, ಇಡೀ ಬ್ಯಾಂಡ್‌ಗೆ," ಅಂದಳು. "ನಂಗೊಬ್ಬಳಿಗೆ ಗೊತ್ತಿರ್ಲಿಲ್ಲ."

ಉತ್ತಯ್ಯ ಸರ್ ನಿಧಾನವಾಗಿ ಕೇಳಿದರು: "ಮೋನಿಷ, ಹಾಗಾದ್ರೆ ಪಟ್ಟಿ ಸರಿ ಇದೆ ಅಂತಾಯ್ತಲ್ಲ?"

"ಸರಿ ಇದೆ ಸರ್. ಆದ್ರೆ ಆ ಏಳು ಕುರ್ಚಿ ತೆಗೆದ್ರೆ ಸಾಲದು. ಮಿಕ್ಕಿದ್ದ ಐವತ್ಮೂರೂ ಕಲಿತುಬಿಟ್ಟಿವೆ. ಊದೋದು ಯಾವ್ದು, ನಟಿಸೋದು ಯಾವ್ದು ಅಂತ ಯಂತ್ರಕ್ಕೆ ಬೇರೆ ಬೇರೆ ತೋರಿಸ್ಬೇಕು. ನಟಿಸೋದು ಎಷ್ಟು ಥರ ಇದ್ಯೋ ಅಷ್ಟೂ." ಆಮೇಲೆ ನನ್ನ ಕಡೆ ನೋಡದೆ ಹೇಳಿದಳು: "ನೀವು ಇಲ್ಲೇ ಇರ್ಬೇಕಾಗುತ್ತೆ. ಮುಕುಂದಣ್ಣನ್ನೂ ಕರೆಸ್ತೀನಿ."

ನೀವು ಅಂದಳು. ಅವಳು ಹುಟ್ಟಿದಾಗಿನಿಂದ ಆ ಮಾತು ನನಗೆ ಅವಳ ಬಾಯಲ್ಲಿ ಬಂದಿರಲಿಲ್ಲ.

ಉತ್ತಯ್ಯ ಸರ್ ಇನ್ನೂ ನಾಲ್ಕು ದಿನ ಕೊಟ್ಟರು. ಮೂರು ದಿನ ನಾನು ಆ ಗಾಜಿನೊಳಗೆ ನನ್ನ ವಿದ್ಯೆಯನ್ನೆಲ್ಲ ಮಾಡಿ ತೋರಿಸಿದೆ. ಮುಕುಂದ ಊದುತ್ತಿದ್ದ, ಮೋನಿಷ ಯಂತ್ರದಲ್ಲಿ ಹಸಿರು ದೀಪದ ಗುಂಡಿ ಒತ್ತುತ್ತಿದ್ದಳು. ನಾನು ನಟಿಸುತ್ತಿದ್ದೆ, ಕೆಂಪು ಒತ್ತುತ್ತಿದ್ದಳು. ಕೆನ್ನೆ ಮಾತ್ರ ಉಬ್ಬಿಸುವುದು. ಕೆಂಪು. ಪಕ್ಕದವನಿಗಿಂತ ಅರೆಗಳಿಗೆ ತಡವಾಗಿ ಉಸಿರೆಳೆಯುವುದು. ಕೆಂಪು. ಕಷ್ಟದ ಸಾಲು ಬಂದಾಗ ಕೆಮ್ಮುವುದು, ಟೋಪಿ ಸರಿಮಾಡುವುದು, ವಾದ್ಯದ ಎಂಜಲು ಚೆಲ್ಲುವ ಹಾಗೆ ತಿರುಗುವುದು. ಕೆಂಪು, ಕೆಂಪು, ಕೆಂಪು. ನಲವತ್ತೊಂದು ಥರ ಆಯಿತು. ನಲವತ್ತೊಂದು ಇವೆ ಅಂತ ನನಗೂ ಗೊತ್ತಿರಲಿಲ್ಲ. ಟೀ ತರುವವರು, ಬೇರೆ ಸೆಕ್ಷನ್ನಿನ ಹುಡುಗಿಯರು ಗಾಜಿಗೆ ಮುಖವಿಟ್ಟು ನೋಡಿದರು. ಮದುವೆಗಳಲ್ಲಿ ಮಂದಿ ಹಾಗೆ ನೋಡಿದರೆ ನನ್ನ ಕತ್ತಿನ ನರ ತಾನಾಗಿ ಏಳುತ್ತಿತ್ತು.

"ಪಾಪ ರಾಚಣ್ಣ, ಸಾಕ್ ಮಾಡವ್ವ," ಅಂದ ಮುಕುಂದ ಎರಡನೇ ದಿನ.

"ಇನ್ನೂ ಇದೆ," ಅಂದಳು.

ಮೂರನೇ ದಿನ ಮಧ್ಯಾಹ್ನ ಯಂತ್ರಕ್ಕೆ ನಟನೆಯ ವಾಸನೆ ಹತ್ತಿತು. ಯಾವ ಕುರ್ಚಿ ಸುಳ್ಳು ಉಸಿರು ಎಳೆದರೂ ಪಕ್ಕದ ಕುರ್ಚಿ ಅದನ್ನು ನಂಬುವುದನ್ನು ಬಿಟ್ಟಿತು. ಒಂದೊಂದೇ ಮತ್ತೆ ನುಡಿಯಲು ಶುರು ಮಾಡಿದವು. ಲೋಲಾಕ್ಷಿ ತಾನು ಬಿದ್ದ ಜಾಗದಿಂದಲೇ ಮತ್ತೆ ಹೊರಟಳು. ಐವತ್ತಮೂರು ಕುರ್ಚಿಗಳು ಉಸಿರೆಳೆದವು. ಆಮೇಲೆ ಅಂಥ ಗುಡುಗು ಬಂತು, ಮೇಜಿನ ಮೇಲಿನ ಲೋಟಗಳು ಅದುರಿದವು. ಇದಕ್ಕೆ ನಾನು 'ಗೋಡೆ ಬಿರಿಯಿತು' ಅಂತ ಸೇರಿಸಬಹುದು, ಸೇರಿಸುವುದಿಲ್ಲ. ಲೋಲಾಕ್ಷಿ ಮೈಯನ್ನು ಬಲಕ್ಕೆ ವಾಲಿಸಿ, ಹಲ್ಲು ಕಚ್ಚಿ, ಮೂರು ನಿಮಿಷ ನಡೆಸಿ ಇಳಿಸಿದಳು. "ನೆಲ ಮುಟ್ತು," ಅಂದಳು, ಅಷ್ಟೇ. ಉತ್ತಯ್ಯ ಸರ್ ಮೋನಿಷಳ ಹತ್ತಿರ ಬಂದು, "ಪಟ್ಟಿ ಇರಲಿ. ನೀನೂ ಇರು," ಅಂದರು. ಅವಳು ತಲೆಯಾಡಿಸಿದಳು. ಮುಖದಲ್ಲಿ ಗೆದ್ದ ಗುರುತು ಏನೂ ಇರಲಿಲ್ಲ.

ಎಲ್ಲರೂ ಎದ್ದು ಹೋದರು. ನಾನು ಪಕ್ಕೆಯ ಪಟ್ಟಿ ಬಿಚ್ಚಲು ಕೈ ಹಾಕಿದೆ.

"ಇನ್ನೊಂದು ಬಾಕಿ ಇದೆ," ಸ್ಪೀಕರಿನಲ್ಲಿ ಅವಳ ದನಿ. "ಏಳನೇ ಕ್ಲಾಸಲ್ಲಿ ನಮ್ಮ ಸ್ಕೂಲ್ ಡೇಗೆ ಬಂದಿದ್ರಿ. ಸ್ಟೇಜ್ ಮೇಲೆ ಒಬ್ರೇ ನಿಂತು ನಾಡಗೀತೆ ಊದಿದ್ರಿ."

ಊದಿದ್ದು ಪರದೆಯ ಹಿಂದೆ ನಿಂತಿದ್ದ ಮುಕುಂದ. ಹೆಡ್ಮಿಸ್ಸು ಕರೆದಿದ್ದರು, ಮಗಳ ಮಾನದ ಪ್ರಶ್ನೆ ಅಂತ ಅವನ ಕೈಕಾಲು ಹಿಡಿದು ಕರೆದುಕೊಂಡು ಹೋಗಿದ್ದೆ.

"ಅವತ್ತು ನಿಮ್ಮ ಮುಂದೆ ಮೈಕ್ ಹಿಡ್ಕೊಂಡಿದ್ದು ನಾನು," ಅಂದಳು. "ಕೈ ನೋವು ಬಂದ್ರೂ ಇಳಿಸಿರ್ಲಿಲ್ಲ. ಅದನ್ನ ಮಾಡಿ."

"ಯಂತ್ರಕ್ಕೆ ಸಾಕಾಯ್ತಲ್ಲವ್ವ. ಅದೊಂದ್ ಬ್ಯಾಡ."

"ಯಂತ್ರಕ್ಕಲ್ಲ."

ಬಾಸನ್ನು ಮತ್ತೆ ಹೆಗಲಿಗೆ ಏರಿಸಿದೆ. ಅವತ್ತು ಹೇಗೆ ನಿಂತಿದ್ದೆನೋ ಹಾಗೇ ಕಾಲು ಅಗಲಿಸಿ ನಿಂತೆ. ಮೊದಲನೆಯ ಸಾಲಿಗೆ ಕಣ್ಣು ಮುಚ್ಚಿದ್ದೆ, ಮುಚ್ಚಿದೆ. ಎರಡನೆಯ ಸಾಲಿಗೆ ಹುಬ್ಬು ಏರಿಸಿದ್ದೆ, ಏರಿಸಿದೆ. ಕೆನ್ನೆ ತುಂಬಿದವು, ಕತ್ತಿನ ನರ ಎದ್ದಿತು, ಬೆರಳು ಒಂದೊಂದಾಗಿ ಗುಂಡಿಗಳ ಮೇಲೆ ಇಳಿದವು. ಒಂದೂ ತಪ್ಪಲಿಲ್ಲ. ಕೋಣೆಯಲ್ಲಿ ಗುಂಡಿಗಳ ಟಕ ಟಕ ಮಾತ್ರ ಕೇಳುತ್ತಿತ್ತು. ಗಾಜಿನ ಆಚೆ ಕೆಂಪು ದೀಪ ಹತ್ತಿತು, ಹತ್ತಿಕೊಂಡೇ ಇತ್ತು. ಅವಳು ಗುಂಡಿಯ ಮೇಲಿಂದ ಬೆರಳು ತೆಗೆಯದೆ ನನ್ನ ಮುಖವನ್ನೇ ನೋಡುತ್ತಿದ್ದಳು. ಎರಡನೆಯ ಚರಣದ ಕೊನೆಗೆ ಅವತ್ತು ಮೈಕಿನ ಹಿಂದಿದ್ದ ಮಗಳಿಗೆ ಒಂದು ಸಲ ಕಣ್ಣು ಹೊಡೆದಿದ್ದೆ. ಆ ಜಾಗ ಬಂತು.

ಅದನ್ನೂ ಮಾಡಿದೆ. ಅವಳು ಸಾಕು ಅನ್ನಲಿಲ್ಲ. ನಾನು ಮೂರನೆಯ ಚರಣಕ್ಕೆ ಉಸಿರೆಳೆದೆ.